ಅವನ ಗಂಟು

ಆ ಗಂಟು ಮತ್ತೆ ಬಿದ್ದಿತ್ತು!

ಕಡತದ ಕೆಂಪು ದಾರಕ್ಕೆ ಮೂರು ಸುತ್ತು, ತುದಿ ಎಡಕ್ಕೆ ಮಡಚಿ ಒಳಗೆ ತುರುಕಿದ್ದು. ಸರ್ಕಾರಿ ವಕೀಲರ ಕಚೇರಿಯಲ್ಲಿ ಹಾಗೆ ಕಟ್ಟುತ್ತಿದ್ದವನು ಅವನೊಬ್ಬನೇ. ಆದರೆ ಅವನು ಇಲ್ಲಿಂದ ಹೋಗಿ, ಆರೋಪಿಗಳ ಪರ ವಾದಿಸುವ ದೊಡ್ಡ ವಕೀಲರ ಬಳಿ ಸೇರಿ ಎರಡು ತಿಂಗಳಾಗಿತ್ತು.

ಕಿಟಕಿಯಿಲ್ಲದ ಕೋಣೆ. ಕಪಾಟಿನ ಬೀಗದ ಕೈ ಒಂದೇ, ಅದೂ ಕಡತಗಳ ಹೊಣೆ ಹೊತ್ತ ಅವಳ ಕೊರಳಲ್ಲಿ. ಈ ಕಡತ ಅವಳ ಕೈಗೆ ಬಂದ ಆರು ದಿನಗಳಿಂದ ಪ್ರತಿ ಬೆಳಿಗ್ಗೆ ಇದೇ ಗಂಟು...

"ಅಜ್ಜಾ, ರಾತ್ರಿ ಯಾರು ಬಂದಿದ್ರು?"

ಕಾವಲಿನ ಅಜ್ಜ ನಕ್ಕ. "ನೊಣಾನೂ ಬಂದಿಲ್ಲಮ್ಮ. ಬಂದಿದ್ರೆ ಸಹಿ ಹಾಕಿಸ್ಕೊಳ್ತಿದ್ದೆ."

ಈ ಕೊಲೆ ಕೇಸಿನ ಆರೋಪಿ ಅದೇ ದೊಡ್ಡ ವಕೀಲರ ಕಕ್ಷಿದಾರ. ಬಚ್ಚಿಟ್ಟ ಸಾಕ್ಷಿಯ ವಿಳಾಸ ಇರುವುದು ಈ ಕಡತದಲ್ಲಿ. ಅದು ಹೊರಬಿದ್ದರೆ ಆ ಹೆಂಗಸಿನ ಜೀವ ಉಳಿಯದು!

"ಏನು ಗಂಟುಮೋರೆ, ಬೆಳಿಗ್ಗೇನೇ?"

ಬಾಗಿಲಲ್ಲಿ ಅವನು!

'ಅಯ್ಯೋ... ಈ ದನಿಗೆ ಇನ್ನೂ ಯಾಕೆ ಎದೆ ನಡುಗುತ್ತೆ?'

"ನಾಚಿಕೆ ಆಗಲ್ವಾ ನಿಮಗೆ? ಕದ್ದು ಓದೋಕೆ ಬರ್ತೀರಲ್ಲ! ಇವತ್ತೇ ದೂರು ಬರೀತೀನಿ, ನಿಮ್ಮ ವಕೀಲಿ ಸನ್ನದು ಹೋಗ್ಲಿ!"

"ಬರಿ. ಅದಕ್ಕೆ ಮುಂಚೆ ಇದನ್ನ ಓದು."

ಅವನು ಚಾಚಿದ್ದು ರಾಜೀನಾಮೆಯ ಪ್ರತಿ.

"ಆ ಸಾಕ್ಷಿ ಎಲ್ಲಿದ್ದಾಳೆ ಅಂತ ದೊಡ್ಡ ವಕೀಲರು ಕೇಳಿದ್ರು. ಇಲ್ಲಿದ್ದಾಗ ನಿನಗೂ ಹೇಳದೆ ಆ ಕಡತ ಸಿದ್ಧಮಾಡಿದ್ದೇ ನಾನಲ್ವಾ? ಬಾಯಿ ಬಿಡಲ್ಲ ಅಂದೆ. ಹಾಗಾದ್ರೆ ಹೊರಡು ಅಂದ್ರು. ನಾಳೆಯಿಂದ ಒಬ್ಬನೇ ವಾದಿಸ್ತೀನಿ, ಆರೋಪಿಗಳ ಪರವೇ. ಆದ್ರೆ ಇಲ್ಲಿ ನಂಬಿ ಹೇಳಿದ್ದನ್ನ ಅಲ್ಲಿ ಮಾರಲ್ಲ."

"ಸುಳ್ಳು! ಹಾಗಾದ್ರೆ ಈ ಗಂಟು ಯಾರು ಹಾಕಿದ್ದು?"

ಸಿಟ್ಟಿನಲ್ಲಿ ಅವಳು ದಾರ ಎಳೆದಾಗ ಗಂಟು ಬಿಚ್ಚಿಕೊಂಡಿತು. ಚೆದುರಿದ ಕಾಗದಗಳನ್ನು ಒಟ್ಟುಮಾಡಿ, ಅವನ ಕಣ್ಣಿಗೆ ಬೀಳದಂತೆ ಅವಳು ಕಡತವನ್ನು ಸರಸರನೆ ಕಟ್ಟತೊಡಗಿದಳು. ಅವನು ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ನಿನ್ನ ಕೈ ನೋಡ್ಕೋ..."

ಅವಳು ನೋಡಿದಳು.

ಮೂರು ಸುತ್ತು. ತುದಿ ಎಡಕ್ಕೆ. ಅವಳನ್ನು ಕೇಳದೆಯೇ ಅವಳ ಬೆರಳುಗಳು ಅದನ್ನು ಒಳಗೆ ತುರುಕುತ್ತಿದ್ದವು!

ಪ್ರತಿ ಸಂಜೆ ಕಡತ ಕಟ್ಟಿಡುತ್ತಿದ್ದವಳೂ ಅವಳೇ. ಮೂರು ವರ್ಷ ಪಕ್ಕದ ಮೇಜಿನಲ್ಲಿ ಕುಳಿತು ನೋಡಿದ್ದು ಕೈಗೆ ಇಳಿದುಬಿಟ್ಟಿತ್ತು. ಅವನ ಮೇಲೆ ಮುನಿದು ಮಾತು ಬಿಟ್ಟವಳು ಅವಳು. ಕೈ ಮಾತ್ರ ಅವನನ್ನು ಬಿಟ್ಟಿರಲಿಲ್ಲ.

"ನಿಮ್ಮನ್ನ ಕಳ್ಳ ಅಂದೆನಲ್ಲ..."

"ಗಂಟು ಕದ್ದಿದ್ದು ನೀನು. ಈಗ ನಾನು ದೂರು ಕೊಡ್ಲಾ?"

ಅವಳು ಅಳುತ್ತಲೇ ನಕ್ಕಳು. "ಕೊಡಿ. ಆದ್ರೆ ಕದ್ದಿದ್ದನ್ನ ವಾಪಸ್ ಕೊಡಲ್ಲ."

"ಬೇಡ, ಇಟ್ಕೋ..." ಅವನು ಆ ಬೆರಳುಗಳನ್ನು ಮೆಲ್ಲಗೆ ಹಿಡಿದ. "ಜೊತೆಗೆ ನನ್ನನ್ನೂ."