ಜಾಹೀರಾತಿಗೆ ತೊಟ್ಟ ಹಸಿರು ಬಳೆ

"ಯಾರ್ರೀ ಇಲ್ಲಿ ವಿಜಯಮಹಾಂತೇಶ ಅನ್ನೋರು?"

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಹಿಂದಿನ ಪುಟ್ಟ ಜಾಹೀರಾತು ಅಂಗಡಿಯ ಬಾಗಿಲಲ್ಲಿ ಶೈಲಾ ನಿಂತಿದ್ದಳು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಬ್ಯಾಡಗಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಉರಿ ಬೇರೆ!

ಕಂಪ್ಯೂಟರ್ ಮುಂದಿದ್ದ ಯುವಕ ಗಾಬರಿಯಿಂದ ಎದ್ದ. "ನಾನಽ ರೀ... ಬರ್ರಿ, ಕುಂದ್ರಿ."

"ಕುಂದ್ರಾಕ ಬಂದಿಲ್ರಿ! ಆರ್ಕುಟ್‌ನ್ಯಾಗ ನಮ್ಮ ಖಾರದಪುಡಿ ಜಾಹೀರಾತು ಹಾಕೀರಲ್ಲ, ಅದರಾಗಿನ ಮೆಣಸಿನಕಾಯಿ ಯಾವೂರದು?"

"ಇಂಟರ್ನೆಟ್‌ನ್ಯಾಗ ಸಿಕ್ತು. ಭಾಳ ಹೊಳಿತಿತ್ತು, ಅದಕ್ಕ..."

"ಬ್ಯಾಡಗಿ ಕಾಯಿ ಎಂದಾರ ಹೊಳದೈತೇನ್ರಿ? ಮೈತುಂಬ ಸುಕ್ಕು ಇರಬೇಕು! ಮ್ಯಾಲೆ 'ನಾಲಿಗೆ ಸುಡುವ ಖಾರ' ಅಂತ ಬ್ಯಾರೆ ಬರದೀರಿ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ. ಇದು ಬ್ಯಾಡಗಿದಽ ಅಲ್ಲ ಅಂತ ಮಂದಿ ನಗಾಕತ್ತಾರ!"

ವಿಜಯನ ಮುಖ ಸಪ್ಪಗಾಯಿತು. "ಖರೇ ಐತ್ರಿ. ಗೊತ್ತಿದ್ದೂ ಚಂದ ಕಾಣ್ಲಿ ಅಂತ ಹಾಕಿದೆ. ತಪ್ಪಾತು."

ಅಯ್ಯೋ, ಜಗಳಕ್ಕೆಂದೇ ಬಸ್ ಹತ್ತಿ ಬಂದವಳ ಮುಂದೆ ಹೀಗೆ ತಟ್ಟನೆ ತಪ್ಪು ಒಪ್ಪಿಕೊಂಡರೆ ಅವಳು ತಾನೇ ಏನು ಮಾಡಬೇಕು! ಶೈಲಾ ಕುರ್ಚಿ ಎಳೆದುಕೊಂಡು ಕುಳಿತಳು.

ಅವಳ ಅಪ್ಪ ನಿಜಲಿಂಗಪ್ಪನವರದು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಅಂಗಡಿ. ಬಿ.ಕಾಂ. ಮುಗಿಸಿದ ಶೈಲಾ ಅವ್ವ ಶಾರದವ್ವನ ಜೊತೆ ಮನೆಯಲ್ಲೇ ಖಾರದಪುಡಿ ಮಾಡಿ ಮಾರುತ್ತಿದ್ದಳು. ಪುಣೆ, ಮುಂಬೈ ಸೇರಿದ ನಮ್ಮ ಕಡೆಯ ಜನರಿಗೆ ಅದು ತಲುಪಬೇಕೆಂಬುದು ಅವಳ ಆಸೆ. 2009ರಲ್ಲಿ ಅಂಥವರೆಲ್ಲ ಒಟ್ಟಿಗೆ ಸಿಗುತ್ತಿದ್ದದ್ದು ಆರ್ಕುಟ್ ಎಂಬ ಜಾಲತಾಣದಲ್ಲೇ. ಹಾಗಾಗಿ ಅಲ್ಲಿ ಜಾಹೀರಾತು ಹಾಕುವ ಕೆಲಸವನ್ನು ಫೋನಿನಲ್ಲೇ ಈ ಅಂಗಡಿಗೆ ಒಪ್ಪಿಸಿದ್ದಳು.

"ಈ ಸಲ ಬ್ಯಾರೆ ಥರ ಮಾಡೋಣ್ರಿ," ಎಂದ ವಿಜಯ. "ನಮ್ಮ ಮಾಲು ಭಾರಿ ಅಂತ ನಾವಽ ಹೊಗಳ್ಕೊಂಡ್ರ ಯಾರು ಓದ್ತಾರ? ಮೊದಲ ಮಂದಿನ್ನ ಮಾತಾಡಸಬೇಕು."

ಹಾಗೆಂದು ಬರೆದದ್ದು ಒಂದೇ ಪ್ರಶ್ನೆ: "ಊರು ಬಿಟ್ಟ ಮ್ಯಾಲೆ ಅವ್ವನ ಕೈಯಾಗಿನ ಯಾವ ಅಡಗಿ ನೆನಪಾಗತೈತಿ?"

ಅಬ್ಬಾ, ಮಾತಿನ ಕಟ್ಟೆಯೇ ಒಡೆಯಿತು! ಪುಣೆಯವರು ಎಣ್ಣೆಗಾಯಿ ಎಂದರು, ದುಬೈನವರು ಪುಂಡಿಪಲ್ಯ ಎಂದರು. ಶೈಲಾ ಒಬ್ಬೊಬ್ಬರಿಗೂ ಉತ್ತರ ಬರೆದಳು. ಪುಡಿ ಬೇಕೆಂದು ಅವರೇ ಕೇಳತೊಡಗಿದರು.

ಆಮೇಲೆ ಶೈಲಾಳಿಗೆ ರಾಣೆಬೆನ್ನೂರಿನಲ್ಲಿ ದಿನಕ್ಕೊಂದು ಕೆಲಸ ಹುಟ್ಟತೊಡಗಿತು! ಹೋಗದ ದಿನ ಫೋನು. ಜಾಹೀರಾತಿನ ಮಾತು ಮುಗಿದರೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. 'ಇವರ ದನಿ ಕೇಳದಿದ್ರ ಊಟ ಯಾಕ ಸೇರವಲ್ದು...?' ಎಂದು ತನ್ನನ್ನೇ ಕೇಳಿಕೊಂಡು ನಾಚಿದಳು.

ಹೊಸ ಜಾಹೀರಾತಿಗೆ ಶೈಲಾ ಮೆಣಸಿನಕಾಯಿ ಹಿಡಿದ ನಿಜವಾದ ಫೋಟೋ ಬೇಕಾಯಿತು. "ಮುಖ ಬ್ಯಾಡವ್ವಾ. ಬೇಕಾದ್ರ ಕೈ ಅಷ್ಟ ತೋರಸು," ಎಂದರು ನಿಜಲಿಂಗಪ್ಪ.

"ಕೆಂಪು ಎದ್ದು ಕಾಣಬೇಕಂದ್ರ ಪಕ್ಕದಾಗ ಹಸರ ಇರಬೇಕ್ರಿ. ಕೊತ್ತಂಬರಿ ಇಡ್ರಿ," ಎಂದು ವಿಜಯ ಫೋನಿನಲ್ಲಿ ಹೇಳಿದ.

ಅಂಗಳದ ಬಿಸಿಲಿಗೆ ಕೊತ್ತಂಬರಿ ಬಾಡಿಹೋಯಿತು. ಶೈಲಾ ಸೀದಾ ಬಳೆಗಾರ್ತಿ ಜಾಹೀದಾಳ ಬಳಿ ಹೋಗಿ ಹಸಿರು ಗಾಜಿನ ಬಳೆ ತೊಟ್ಟಳು. ಅದೂ ಎರಡೂ ಕೈ ತುಂಬ!

"ಏನವಾ, ಮದವಿ ಯಾವಾಗ?" ಎಂದು ಜಾಹೀದಾ ಕಣ್ಣು ಮಿಟುಕಿಸಿದಳು.

"ಥೂ, ಫೋಟೋಕ್ಕ!" ಎಂದಳು ಶೈಲಾ. ಕೆನ್ನೆ ಮಾತ್ರ ಬೇರೆಯೇ ಹೇಳುತ್ತಿತ್ತು.

ಸುಕ್ಕು ಕಾಯಿಗಳನ್ನು ಬೊಗಸೆ ತುಂಬ ಹಿಡಿದಳು. ಗೆಳತಿ ಶ್ರೀದೇವಿ ಕ್ಯಾಮೆರಾ ಒತ್ತಿದಳು. ಮುಖವಿಲ್ಲದ ಆ ಫೋಟೋ ವಿಜಯನಿಗೆ ಮೇಲ್‌ನಲ್ಲಿ ಹೋಯಿತು.

ಜಾಹೀರಾತು ಬಂತು. ನೋಡಿದವರೆಲ್ಲ ಮೆಚ್ಚಿದರು. ಆದರೆ ವಿಜಯನಿಂದ ಬಂದದ್ದು ಒಂದು ಒಣ ಮೆಸೇಜು: "ಇನ್ನ ಮುಂದ ನಿಮ್ಮ ಕೆಲಸ ನಮ್ಮ ಅಂಗಡಿ ಹುಡುಗ ಚನ್ನೇಶ ನೋಡ್ಕೋತಾನ್ರಿ."

ಫೋನ್ ಮಾಡಿದರೆ ಎತ್ತಲೇ ಇಲ್ಲ. ಶೈಲಾ ಆ ಮೆಸೇಜನ್ನೇ ಮತ್ತೆ ಮತ್ತೆ ಓದಿದಳು. 'ನಾನೇನ್ ತಪ್ಪ ಮಾಡಿದೆ...? ಬರೇ ಗಿರಾಕಿ ಅಂತ ಮಾತಾಡಸಿದ್ರೇನು?'

ಅದೇ ಸಂಜೆ ಅಪ್ಪ ಪಕ್ಕದಲ್ಲಿ ಬಂದು ಕುಳಿತರು. "ಗದಗಿನವರು ಭಾನುವಾರ ನಿನ್ನ ನೋಡಾಕ ಬರ್ತೀವಿ ಅಂದಾರ. ಹುಡುಗ ಚಲೋ ಅದಾನ. ನಿನ್ನ ಮನಸ್ಸಿನ್ಯಾಗ ಬ್ಯಾರೆ ಏನರ ಇದ್ರ ಈಗಽ ಹೇಳವ್ವಾ."

ಅಪ್ಪ ಅಷ್ಟು ಮೃದುವಾಗಿ ಕೇಳಿದ್ದಕ್ಕೆ ಅಳುವೇ ಬಂತು. ಮನಸ್ಸಿನಲ್ಲಿ ಇದ್ದವನೇ ಬಾಗಿಲು ಹಾಕಿಕೊಂಡಿರುವಾಗ ಯಾರ ಹೆಸರು ಹೇಳುವುದು?

"ನಾಳಿ ಹೇಳ್ತೀನಪ್ಪಾ..."

ಮರುದಿನ ಮತ್ತೆ ರಾಣೆಬೆನ್ನೂರು. ಬಾಗಿಲಲ್ಲಿ ಅವಳನ್ನು ಕಂಡು ವಿಜಯ ತಲೆ ತಗ್ಗಿಸಿದ.

"ಫೋನ್ ಯಾಕ ಎತ್ತವಲ್ರಿ?"

"ಮದವಿ ಗೊತ್ತಾದ ಹುಡುಗಿ ಕೂಡ ತಾಸಗಟ್ಟಲೆ ಮಾತಾಡೋದು ಚಲೋ ಅಲ್ರಿ."

"ಯಾರ ಮದವಿ?"

"ನಿಮ್ಮದಽ! ಕೈ ತುಂಬ ಹಸರ ಬಳಿ ತೊಟ್ಟ ಫೋಟೋ ಕಳಿಸಿದ್ರಲ್ಲ. ನಮ್ಮ ಕಡೆ ಅದನ್ನ ಮದವಿಗಽ ತೊಡ್ತಾರ ಅಂತ ನನಗ ಗೊತ್ತಿಲ್ಲೇನ್ರಿ? ಒಂದ ಮಾತ ಹೇಳಲೇ ಇಲ್ಲ ನೀವು..." ಅವನ ದನಿ ಒಡೆಯಿತು.

ಶೈಲಾ ಬಾಯಿ ತೆರೆದು ನಿಂತಳು. "ಅಯ್ಯ ಶಿವನ! ಕೆಂಪಿನ ಪಕ್ಕ ಹಸರ ಬೇಕು ಅಂದವ್ರ ಯಾರ್ರಿ?"

"ನಾ ಕೊತ್ತಂಬರಿ ಅಂದಿದ್ದೆ!"

"ಅದು ಬಾಡಿತು!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಶೈಲಾಳ ಕಣ್ಣು ತುಂಬಿ ಬಂತು.

"ಆದ್ರೂ... ಫೋಟೋಕ್ಕ ಎರಡ ಬಳಿ ಸಾಕಾಗತಿತ್ತಲ್ರಿ," ಎಂದ ವಿಜಯ ಮೆಲ್ಲಗೆ. "ಕೈ ತುಂಬ ಯಾಕ?"

ಅವಳು ನೆಲ ನೋಡಿದಳು. ಈಗ ಹೇಳದಿದ್ದರೆ ಇನ್ನು ಯಾವಾಗ?

"ನಿಮ್ಮನ್ನ ನೆನಸ್ಕೊಂಡ ತೊಟ್ಟೆ. ಖರೇನಽ ತೊಡೋ ದಿನ ಬಂದ್ರ ಹೆಂಗ ಕಾಣ್ತೀನಿ ಅಂತ ನೋಡಬೇಕನಸ್ತು..."

ವಿಜಯನ ಮುಖ ಅರಳಿತು.

"ಶೈಲಾ..." ಮೊದಲ ಸಲ ಬರೀ ಹೆಸರು. "ಆ ಫೋಟೋ ನೋಡಿದಾಗಿಂದ ನನಗ ನಿದ್ದಿ ಇಲ್ಲ. ನಿನ್ನ ಬಿಟ್ಟು ಇರಾಕ ಆಗೂದಿಲ್ಲ ಅಂತ ಆವತ್ತಽ ಗೊತ್ತಾತು. ನಾಳಿ ಮುಂಜಾನಿ ಅಪ್ಪಾರು ಮನಿಯಾಗ ಇರ್ತಾರೇನು?"

"ಯಾಕ್ರಿ?"

"ನಮ್ಮವ್ವನ ಕರ್ಕೊಂಡು ಕೇಳಾಕ ಬರ್ತೀನಿ."

ಶೈಲಾ ಕಣ್ಣೊರೆಸಿಕೊಂಡು ನಕ್ಕಳು. "ಬರ್ರಿ... ಭಾನುವಾರ ನನ್ನ ನೋಡಾಕ ಬರೋ ಗದಗಿನವರನ್ನ ಬ್ಯಾಡ ಅನ್ರಿ ಅಂತ ಇವತ್ತಽ ಅಪ್ಪಗ ನಾನಽ ಹೇಳ್ತೀನಿ."