ಕಾಯದವರ ಪದ್ಯ

"ಈ ಪದ್ಯ ಬರೆದವರು ಯಾರರ ಇರ್ಲಿ, ಜನ್ಮದಾಗ ಯಾರಿಗೂ ಕಾದವರಲ್ಲ ಬಿಡ್ರಿ!"

ಪ್ರಫುಲ್ಲಾ ಹಾಗೆಂದದ್ದೇ ತಡ, ಕಾಚಿಗುಡದ ಅಂಬುಬಾಯಿಯವರ ಪಡಸಾಲೆಯೆಲ್ಲ ನಗೆಯಾಯಿತು.

ತಿಂಗಳಿಗೊಂದು ಭಾನುವಾರ ಅಲ್ಲಿ ಕನ್ನಡದವರ ಕವಿಗೋಷ್ಠಿ. ಪದ್ಯ ಓದುವವರು ಅಂಬುಬಾಯಿ. ಕವಿಯ ಹೆಸರು ಕೊನೆಯವರೆಗೂ ಹೇಳುವುದಿಲ್ಲ. ಮುಖ ನೋಡಿ ಮಣೆ ಹಾಕಬಾರದೆಂದು ಈ ಪದ್ಧತಿ. ಹಿಡಿಸಿದರೆ ಉರ್ದು ಮುಷಾಯಿರಾದವರ ಹಾಗೆ "ಮುಕರ್ರರ್!" ಎಂದು ಕೂಗಿ ಇನ್ನೊಮ್ಮೆ ಓದಿಸುತ್ತಾರೆ. ಹಿಡಿಸದಿದ್ದರೆ ಪ್ರಫುಲ್ಲಾ ಇದ್ದೇ ಇದ್ದಾಳೆ. ಆಂಧ್ರ ಸೆಕ್ರೆಟೇರಿಯಟ್‌ನ ಈ ಟೈಪಿಸ್ಟ್ ಹುಡುಗಿಯ ಬಾಯಿಂದ ಇದುವರೆಗೆ ಒಂದೇ ಒಂದು ಮುಕರ್ರರ್ ಹೊರಟಿಲ್ಲ.

"ಕಾಯೋದರ ಮ್ಯಾಲೆ ಬರದ ಒಂದ ಪದ್ಯದಾಗ ನಾಲ್ಕು ಚಂದ್ರ! ಕಮಲ ಐತಿ, ಚಕೋರ ಐತಿ. ಕಾಯೋ ಮನುಷ್ಯಾನ ಇಲ್ಲ."

"ಕವಿಗಳು ಏಳಬೇಕು," ಎಂದರು ಅಂಬುಬಾಯಿ.

ಎದ್ದವನು ಉಪ್ಪಲ್‌ನ ಮಲ್ಲಿಕಾರ್ಜುನ. ಪ್ರಫುಲ್ಲಾ ನಾಲಿಗೆ ಕಚ್ಚಿಕೊಂಡಳು.

ಗೋಷ್ಠಿಯ ದಿನ ಅವಳ ಮನೆ ಹತ್ತಿರದ ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ಅವಳಿಗೆ ಸಿಗುವವನು ಇವನೇ. ಜೊತೆಗೆ ಬರುತ್ತಾನೆ, ಜೊತೆಗೇ ಹಿಂದಿರುಗುತ್ತಾನೆ, ದಾರಿಯುದ್ದಕ್ಕೂ ನಗಿಸುತ್ತಾನೆ. ಆ ಒಂದು ಭಾನುವಾರಕ್ಕಾಗಿ ಅವಳು ಇಳಕಲ್ ಸೀರೆಗೆ ಇಸ್ತ್ರಿ ಮಾಡುತ್ತಾಳೆ. ಅವನೆಂದರೆ ಅವಳಿಗೆ ಇಷ್ಟ, ಬಹಳ ಇಷ್ಟ. ಅದನ್ನು ಯಾರಿಗೂ ಹೇಳಿರಲಿಲ್ಲ ಅಷ್ಟೆ.

"ಚಂದ್ರ ಹೆಚ್ಚಾದ್ವು, ಖರೇನ. ಚಕೋರ ನಾನೂ ನೋಡಿಲ್ರಿ," ಎಂದು ಅವನು ನಕ್ಕ. ಕಾದವರಲ್ಲ ಎಂಬ ಮಾತಿಗೆ ಮಾತ್ರ ಉತ್ತರ ಕೊಡಲಿಲ್ಲ. ಕಿವಿ ಕೆಂಪಾಗಿತ್ತು. ಚಹಾ ಬರುವ ಮೊದಲೇ ಹೊರಟುಹೋದ.

ಇನ್ನು ಇವನು ಗೋಷ್ಠಿಗೆ ಬರುವುದಿಲ್ಲ, ನನ್ನ ಮುಖವನ್ನೂ ನೋಡುವುದಿಲ್ಲ ಎಂದುಕೊಳ್ಳುತ್ತಲೇ ಪ್ರಫುಲ್ಲಾ ಕಾಚಿಗುಡ ಸ್ಟೇಷನ್ನಿಗೆ ಓಡಿದಳು. ಅವನು ಬೆಂಚಿನ ಮೇಲೆ ಕೂತಿದ್ದ. ಅವಳಿಗೆ ಹೋದ ಜೀವ ಬಂತು.

"ತಪ್ಪಾತ್ರಿ. ನಿಮ್ಮ ಪದ್ಯ ಭಾಳ ಚಲೋ..."

"ಸುಳ್ಳ ಹೇಳಬ್ಯಾಡ್ರಿ. ನಿಮಗ ಬರಂಗಿಲ್ಲ."

ಅವಳು ತಲೆ ತಗ್ಗಿಸಿದಳು. "ಚಲೋ ಇಲ್ರಿ."

"ಹಾಂ, ಈಗ ಸರಿ." ಓರೆಗಣ್ಣಿನಲ್ಲಿ ನಗೆ ಸುಳಿದು ಮಾಯವಾಯಿತು. "ಪದ್ಯ ಹರದು ಹಾಕ್ರಿ, ನಾನ ಚಪ್ಪಾಳಿ ತಟ್ಟತೀನಿ. ಆದ್ರ ಕಾದವರಲ್ಲ ಅಂದ್ರಲ್ಲ, ಅದು ಪದ್ಯದ ಮಾತಲ್ಲ. ನನ್ನ ಮ್ಯಾಲಿನ ಮಾತು. ಅದು ನಿಮಗ ಹೆಂಗ ಗೊತ್ತು?"

ಎಂಥ ಮನುಷ್ಯ ಇವನು! ನೋವಿನಲ್ಲೂ ಪದ್ಯಕ್ಕೆ ಬಿದ್ದ ಪೆಟ್ಟನ್ನೂ ತನಗೆ ಬಿದ್ದ ಪೆಟ್ಟನ್ನೂ ಬೇರೆ ಬೇರೆ ಇಟ್ಟು ನೋಡುತ್ತಾನೆ. ವಿಮರ್ಶೆ ಮಾಡುವ ತನಗೇ ಆ ಗೆರೆ ಕಾಣಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಅಷ್ಟು ಮಾತು ವಾಪಸ್ ತಗೋತೀನ್ರಿ. ಚಂದ್ರನ್ನ ಮಾತ್ರ ಬಿಡಂಗಿಲ್ಲ."

"ಬಿಡಬ್ಯಾಡ್ರಿ."

"ಯಾರಿಗೆ ಕಾದೀರಿ?" ಕೇಳುವಾಗ ಅವಳ ದನಿ ಸಣ್ಣಗಾಗಿತ್ತು.

ಅವನು ಹಳಿಗಳನ್ನೇ ನೋಡುತ್ತ ಮೆಲ್ಲಗೆ ಹೇಳಿದ: "ಉಪ್ಪಲ್‌ದಿಂದ ಕಾಚಿಗುಡಕ್ಕ ಸೀದಾ ಬಸ್ ಐತ್ರಿ."

"ಮತ್ತ ಮಲ್ಕಾಜ್‌ಗಿರಿಗೆ ಯಾಕ ಬರ್ತೀರಿ? ಅಲ್ಲೆ ನಿಮ್ಮ ಅತ್ತಿ ಮನಿ ಐತಿ ಅಂದಿದ್ರಲ್ಲ?"

"ಅತ್ತಿ ಗುಲ್ಬರ್ಗಾದಾಗ ಅದಾಳ್ರಿ."

ಪ್ರಫುಲ್ಲಾ ಬೆಂಚಿನ ತುದಿಯಲ್ಲಿ ಕೂತಳು. ಮನೆಯಿಂದ ಅವಳು ತಡವಾಗಿ ಬಂದ ದಿನಗಳಲ್ಲೂ ಇವನು ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲೇ ಇರುತ್ತಿದ್ದ. ಕೇಳಿದರೆ, ಈಗಷ್ಟೇ ಬಂದೆ ಎನ್ನುತ್ತಿದ್ದ.

"ಇದನ್ನ ಬಿಟ್ಟು ಚಕೋರ ಯಾಕ ಬರದ್ರಿ ಮಾರಾಯ್ರ?"

"ಇದನ್ನ ಬರದ್ರ ನಿಮಗ ಗೊತ್ತಾಕ್ಕಿತ್ತಲ್ಲ!"

"ಬರದೇ ಇಲ್ಲೇನು?"

"ಬರದೀನಿ. ಓದಾಕ ಕೊಟ್ಟಿಲ್ಲ." ಗಂಟಲು ಸರಿಮಾಡಿಕೊಂಡು, ಅವಳಿಗಷ್ಟೇ ಕೇಳುವಂತೆ ಹೇಳಿದ:

"ಸಿಗ್ನಲ್ ಬಿತ್ತು, ಗಾಡಿ ಬಂತು, ನೀ ಬರಲಿಲ್ಲ.
ಗಾಡಿ ಹೋಗಲಿ, ನಾನೇನು ಊರಿಗೆ ಹೊರಟವನಲ್ಲ."

ಅಷ್ಟರಲ್ಲಿ ಮಲ್ಕಾಜ್‌ಗಿರಿಯ ಗಾಡಿ ಬಂದು ನಿಂತಿತು. ಜನ ನುಗ್ಗಿ ಹತ್ತತೊಡಗಿದರು. ಅವನು ಎದ್ದು ನಿಂತ. ಅವಳು ಏಳಲಿಲ್ಲ.

"ಗಾಡಿ ಬಂತ್ರಿ," ಎಂದ.

ಪ್ರಫುಲ್ಲಾ ತಲೆಯೆತ್ತಿ, ಈ ಸಲ ಕಣ್ಣು ತಪ್ಪಿಸದೆ ಅವನನ್ನು ನೋಡಿದಳು.

"ಹೋಗ್ಲಿ ಬಿಡ್ರಿ," ಎಂದಳು. "ಮುಕರ್ರರ್."