ಕಾಯಲಿಕ್ಕೂ ಲೇಬರ್ ಚಾರ್ಜು

“ನೀರು ಹೊಯ್ಯಲಿಕ್ಕೂ ಲೇಬರ್ ಚಾರ್ಜಾ?” ನಿಶ್ಮಿತಾ ಹುಬ್ಬೇರಿಸಿದಳು.

“ಹೊಯ್ಯಲಿಕ್ಕೆ ಅಲ್ಲ ಮೇಡಂ, ಎಲ್ಲಿ ಸೋರ್ತದೆ ಅಂತ ಕಾಯಲಿಕ್ಕೆ,” ಎಂದ ಯಜ್ಞೇಶ್, ಕೈಯ ಗ್ರೀಸು ಒರೆಸಿಕೊಳ್ಳುತ್ತ. ನಗುವಿಗೂ ಚಾರ್ಜು ಹಾಕುವವನ ಹಾಗೆ ತುಟಿಯ ಒಂದೇ ಬದಿಯಲ್ಲಿ ನಕ್ಕ.

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವನ ಗ್ಯಾರೇಜಿನ ರೇಟು ಉಳಿದವರ ಮೂರು ಪಟ್ಟು. ಚೌಕಾಸಿಗೆ ಆಸಾಮಿ ಬಗ್ಗುವವನಲ್ಲ. ಆದರೆ ನಿಶ್ಮಿತಾಳಿಗೆ ಬೇರೆ ದಾರಿ ಇರಲಿಲ್ಲ. ಅವಳ ಬಾಸ್ ಪ್ರತಿ ಚಳಿಗಾಲ ಕ್ಯಾರವಾನ್ ಎಳೆದುಕೊಂಡು ಸಂಸಾರ ಸಮೇತ ಮರುಭೂಮಿಯಲ್ಲಿ ಕ್ಯಾಂಪ್ ಹಾಕುವವರು. ಕಳೆದ ವರ್ಷ ಸೆಕ್ರೆಟರಿಯಾದ ಇವಳು, ಅಗ್ಗದಾಸೆಗೆ ಮುಗ್ಗಿದ ಜೋಳ ತಂದ ಹಾಗೆ, ಅದರ ಸೋರುವ ಛಾವಣಿಯನ್ನು ಎಲ್ಲೋ ಕಡಿಮೆಗೆ ರಿಪೇರಿ ಮಾಡಿಸಿದ್ದಳು. ವರ್ಷಕ್ಕೊಮ್ಮೆ ಬರುವ ಮಳೆ ಅದೇ ವಾರ ಬಂದು, ಬಾಸಿನ ತಾಯಿಯ ಹಾಸಿಗೆ ತೋಯ್ದುಹೋಯಿತು. ಈ ಸಲ ಬಾಸ್ ಹೇಳಿದ್ದು ಇಷ್ಟೇ: “ಒಂದು ಹನಿ ಬಿದ್ದರೂ ಖಲಾಸ್. ಊರಿಗೆ ಟಿಕೆಟ್.”

ಯಜ್ಞೇಶ್ ಕ್ಯಾರವಾನಿನ ಮೇಲೆ ಪೈಪು ಕಟ್ಟಿ ನೀರು ಬಿಟ್ಟ. “ಒಳಗೆ ಬಂದು ಕೂತುಕೊಳ್ಳಿ. ಯಾಕೆ ಕಾಯಬೇಕು ಅಂತ ಗೊತ್ತಾಗ್ತದೆ.”

ಬಾಗಿಲು ತೆರೆದಿಟ್ಟು ಎದುರುಬದುರು ಕುಳಿತರು. ತಗಡಿನ ಮೇಲೆ ನೀರು ಸುರಿಯತೊಡಗಿತು. ನಿಶ್ಮಿತಾ ತನಗರಿವಿಲ್ಲದೆ ಕಣ್ಣು ಮುಚ್ಚಿದಳು.

“ಊರು ನೆನಪಾಯ್ತಾ?”

“ಇಲ್ಲ, ನನ್ನ ಕೆಲಸ ನೆನಪಾಯ್ತು,” ಎಂದು ಕಣ್ಣು ತೆರೆದರೆ ಅವನು ಛಾವಣಿ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಗಡಬಡಿಸಿ ಟಾರ್ಚು ಮೇಲೆತ್ತಿದ.

ಬಹಳ ಹೊತ್ತಿನ ಮೇಲೆ ಮಂಚದ ಮೇಲೆ ಒಂದು ಹನಿ ಬಿತ್ತು. “ನೋಡಿ, ಬೀಳುವುದು ಇಲ್ಲಿ. ಆದರೆ ಒಳಗೆ ಬರುವುದು ಅಲ್ಲಿ, ಆ ಕಿಟಕಿಯ ಮೇಲಿಂದ. ಹಿಂದಿನವರು ಬಿದ್ದ ಕಡೆ ಅಂಟು ಮೆತ್ತಿದ್ದಾರೆ, ಅಷ್ಟೇ.” ಹಣ ಕೊಟ್ಟದ್ದು ದಂಡವಲ್ಲ ಎಂದು ಅವಳಿಗೆ ಆಗಲೇ ಅನಿಸಿತು.

ನಾಲ್ಕು ದಿನ ಬಿಟ್ಟು ಯಜ್ಞೇಶನ ಫೋನು. “ರಿಪೇರಿ ಆಯ್ತು. ಆದರೂ ಒಂದು ಡೌಟು ಉಂಟು. ಬಂದು ನೋಡ್ತೀರಾ?” ಹೋದಳು. ಮೇಲೆ ನೀರು ಬಿಟ್ಟು, ಹಾಲಿಲ್ಲದ ಸುಲೈಮಾನಿ ಚಾ ಕುಡಿದರು, ಹಾಳುಹರಟೆ ಹೊಡೆದರು. ಹನಿ ಬೀಳಲಿಲ್ಲ.

ಮತ್ತೆ ಫೋನು. “ಕೆಲಸ ಸರಿಯಾಗಲಿಲ್ಲ ಮೇಡಂ. ಶುಕ್ರವಾರ ಬನ್ನಿ.”

“ಶುಕ್ರವಾರ ರಜೆಯಲ್ವಾ?”

“ಸೋರುವುದಕ್ಕೆ ರಜೆ ಉಂಟಾ?”

ಆ ರಾತ್ರಿ ಅಲ್ ಹಿಲಾಲ್ ಬಡಾವಣೆಯ ಅಕ್ಕನ ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಸೋರುತ್ತಿದ್ದರೆ ಕೆಲಸ ಹೋಯಿತು, ಜೊತೆಗೆ ಅವನ ಮೇಲಿದ್ದ ನಂಬಿಕೆಯೂ ಹೋಯಿತು. ಸೋರದಿದ್ದರೆ ಅವನು ಕರೆಯುವುದು ಯಾಕೆ? ಸೋರದಿರಲಿ ಎಂದು ದೇವರಿಗೆ ಕೈಮುಗಿದಳು. ಅದು ಯಾವುದಕ್ಕಾಗಿ ಮುಗಿದ ಕೈ ಎಂಬುದು ಮಾತ್ರ ಅವಳಿಗೇ ತಿಳಿಯಲಿಲ್ಲ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ.

ಶುಕ್ರವಾರ ಕಾರಿನಲ್ಲಿ ಆಫೀಸಿನ ಡ್ರೈವರ್ ಮೊಯ್ದಿನ್ ಕುಂಞಿ ಕನ್ನಡಿಯಲ್ಲಿ ಅವಳ ಹೊಸ ಚೂಡಿದಾರ್ ನೋಡಿದ. “ಅಷ್ಟು ಒಳ್ಳೆ ಮೆಕ್ಯಾನಿಕ್‌ಗೆ ಮೂರು ಸಲ ಯಾಕೆ ಬೇಕು ಮಾರಾಯ್ತಿ?”

“ನೀವು ರೋಡು ನೋಡಿ, ಕುಂಞಿಯಣ್ಣ.”

ಗ್ಯಾರೇಜಿನಲ್ಲಿ ನೀರು ಆಗಲೇ ಸುರಿಯುತ್ತಿತ್ತು. ಅವಳು ಒಳಗೆ ಕುಳಿತು ಮೂಲೆ ಮೂಲೆ ನೋಡಿದಳು. ಎಲ್ಲ ಒಣಗಿಯೇ ಇತ್ತು.

“ಎಲ್ಲಿ ಸೋರುವುದು?”

ಯಜ್ಞೇಶ್ ತಲೆ ತಗ್ಗಿಸಿದ. “ಎಲ್ಲಿಯೂ ಇಲ್ಲ. ಮೊದಲನೇ ರಿಪೇರಿಗೇ ನಿಂತಿದೆ.”

ಅವಳಿಗೆ ಅಳು, ಸಿಟ್ಟು ಒಟ್ಟಿಗೆ ಬಂದವು. “ನನ್ನ ಕೆಲಸ ಹೋಯ್ತು ಅಂತ ಜೀವ ಬಾಯಿಗೆ ಬಂದಿತ್ತು! ನಿಮಗೆ ತಮಾಷೆಯಾ?”

“ತಪ್ಪಾಯ್ತು. ಸರಿಯಾಗಿದೆ ಅಂದರೆ ನೀವು ಕ್ಯಾರವಾನ್ ತಕೊಂಡು ಹೋಗ್ತಿದ್ರಿ. ಮತ್ತೆ ಯಾಕೆ ಬರ್ತೀರಿ?” ಅವನ ಸ್ವರ ಇಳಿಯಿತು. “ನನ್ನ ಕೆಲಸ ಕೆಟ್ಟಿದೆ ಅಂತ ಇಷ್ಟರವರೆಗೆ ಯಾರ ಹತ್ರವೂ ಹೇಳಿದವನಲ್ಲ. ನಿಮ್ಮನ್ನು ಒಮ್ಮೆ ನೋಡ್ಲಿಕ್ಕೆ ಹೇಳಿದೆ. ನಿಮ್ಮನ್ನು ಕಂಡರೆ ನನಗೆ ಇಷ್ಟ.”

ರೇಟಿನಲ್ಲಿ ಒಂದು ರಿಯಾಲ್ ಬಿಡದವನು ಒಳ್ಳೆ ಮೆಕ್ಯಾನಿಕ್ ಎಂಬ ತನ್ನ ಹೆಸರನ್ನೇ ಬಿಟ್ಟುಕೊಟ್ಟಿದ್ದ. ನಿಶ್ಮಿತಾಳ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಅವನು ನೀರು ನಿಲ್ಲಿಸಲು ಎದ್ದ.

“ಇರಲಿ,” ಎಂದಳು. “ಇನ್ನೂ ಸ್ವಲ್ಪ ಹೊತ್ತು ಕಾಯೋಣ.”

“ಸೋರುವುದಿಲ್ಲ ಅಂದೆನಲ್ಲ?”

“ಛಾವಣಿಯ ವಿಷಯ ನಂಬಿದೆ. ಉಳಿದದ್ದನ್ನು ನಂಬ್ಲಿಕ್ಕೆ ನನಗೆ ಸಮಯ ಬೇಕು. ಕಾಯುವುದರ ಲೇಬರ್ ಚಾರ್ಜು ಈ ಸಲ ನೀವೇ ಕೊಡಿ.”

ಅವನು ತುಟಿಯ ಎರಡೂ ಬದಿಯಲ್ಲಿ ನಕ್ಕ, ಬಂದು ಅವಳ ಬದಿಯಲ್ಲೇ ಕುಳಿತ. ಹೊರಗೆ ಮೊಯ್ದಿನ್ ಕುಂಞಿ ಎರಡು ಸಲ ಹಾರ್ನ್ ಹೊಡೆದು ನೋಡಿದ. ಆಮೇಲೆ ಕಾರಿನ ಎಂಜಿನ್ ಆಫ್ ಮಾಡಿದ.